ನಮ್ಮನೆಯವರು ಅಂತ ಬರೆದ ನಂಬರಿಗೆ

ನಮ್ಮ ಶೈಲಾಳ ಅಪ್ಪನವರಿಗೆ,

ನೀವು ಹೇಗಿದ್ದೀರಿ ಅಂತ ಕೇಳುವ ಹಾಗಿಲ್ಲ, ನಾನಂತೂ ಇದ್ದೇನೆ. ನಾಲ್ಕನೇ ಕ್ಲಾಸಿಗೆ ಬಿಟ್ಟವಳ ಅಕ್ಷರ, ಸಾಲು ಓರೆಯಾದರೆ ಬೈಯಬೇಡಿ. ಬೈದರೂ ನನಗೆ ಕೇಳಿಸುವುದಿಲ್ಲ ಅಂತ ಎರಡು ವರ್ಷದಿಂದ ಧೈರ್ಯವಾಗಿದ್ದೆ. ಅವರೆಕಾಯಿ ಕಾಲದಲ್ಲಿ ಒಂದು ಮಧ್ಯಾಹ್ನ ನಿಮ್ಮಿಂದ ಫೋನು ಬಂತು. ಆಮೇಲೆ ಆ ಧೈರ್ಯ ಹೋಯಿತು. ಅದಕ್ಕೇ ಈ ಕಾಗದ.

ಕಂಪ್ಯೂಟರ್ ಮನೆಗೆ ಬಂದ ದಿನ ನೆನಪಿದೆಯಾ? ಯಶವಂತಪುರದಾಚೆಯ ನಮ್ಮ ಸಿಂಗಾಪುರದಲ್ಲಿ ಶಾಮಿಯಾನ, ಪಾತ್ರೆ ಬಾಡಿಗೆಗೆ ಕೊಡುವ ಅಂಗಡಿಗೆ ಇದೇನು ಶೋಕಿ ಅಂತ ನಾನು ಬೀದಿಗೆಲ್ಲ ಕೇಳುವ ಹಾಗೆ ಅಂದಿದ್ದೆ. ಒಂದೇ ಮುಹೂರ್ತದ ಎರಡು ಮದುವೆಗೆ ಅದೇ ಕೊಪ್ಪರಿಗೆಗಳನ್ನು ಒಪ್ಪಿಕೊಂಡು, ಎರಡು ಕಡೆಯ ಬೀಗರಿಂದಲೂ ಮಂಗಳಾರತಿ ಮಾಡಿಸಿಕೊಂಡು ಬಂದವರು ನೀವು. ಅದಾದ ಮೇಲೆ ದಿನಾ ಸಾಯಂಕಾಲ ಅಂಗಡಿ ಬಾಗಿಲು ಎಳೆದು, ಕೈಕಾಲು ತೊಳೆದು, ದೇವರಿಗೆ ಕೈ ಮುಗಿಯುವುದನ್ನಾದರೂ ಮರೆತೀರಿ, ಫೋನಿಗೆ ವೈರು ಸಿಕ್ಕಿಸಿ ಕಂಪ್ಯೂಟರ್ ಮುಂದೆ ಕೂರುವುದನ್ನು ಮರೆತವರಲ್ಲ. ಫೋನಿನಲ್ಲಿ ಬರೆದ ತಾರೀಕು ಕಂಪ್ಯೂಟರಿಗೆ ಹೋಗಬೇಕು, ಕಂಪ್ಯೂಟರಿನಲ್ಲಿರುವ ನಂಬರು ಫೋನಿಗೆ ಬರಬೇಕು. ಎರಡೂ ಒಂದೇ ಮಾತು ಹೇಳಬೇಕು ಅನ್ನುತ್ತಿದ್ದಿರಿ. "ಆ ವೈರು ನನಗೂ ನಿಮ್ಮಮ್ಮಂಗೂ ಸಿಕ್ಸಿದ್ರೆ ಮನೆ ಉದ್ಧಾರ ಆಗ್ತಿತ್ತು" ಅಂದಿದ್ದೆ. ನೀವು ನಗದೆ ಗುಂಡಿ ಒತ್ತಿದಿರಿ.

ನಿಮ್ಮನ್ನು ಮಣ್ಣು ಮಾಡಿದ ದಿನ ನಿಮ್ಮ ತಮ್ಮ, ಅಣ್ಣನಿಗೆ ಇಷ್ಟವಾದದ್ದೆಲ್ಲ ಜೊತೆಗೆ ಇಡಿ ಅಂದರು. ಎಲೆಅಡಿಕೆ ಚೀಲ ಇಟ್ಟೆವು, ಕನ್ನಡಕ ಇಟ್ಟೆವು. ಶೈಲಾ ಅಳುತ್ತಲೇ ಬಂದು ನಿಮ್ಮ ಫೋನನ್ನು ಅಂಗಿಯ ಜೇಬಿನಲ್ಲಿ ಇಟ್ಟಳು. ಅಪ್ಪ ಫೋನಿಲ್ಲದೆ ಹೊರಗೆ ಹೋದವರೇ ಅಲ್ಲ ಅಂದಳು. ಯಾರೂ ಬೇಡ ಅನ್ನಲಿಲ್ಲ. ಅದನ್ನು ಆಫ್ ಮಾಡಬೇಕು ಅಂತ ಯಾರಿಗೆ ತಾನೇ ಹೊಳೆಯುತ್ತದೆ, ಆ ಹೊತ್ತಿನಲ್ಲಿ...

ಮೂರನೆಯ ದಿನ ಹಾಲುತುಪ್ಪ ಬಿಡಲು ಹೋದೆವು. ಹಸಿ ಮಣ್ಣಿನ ಮೇಲೆ ಎಡೆ ಇಟ್ಟು, ನಾನು ಹಾಲಿನ ಚೊಂಬು ಬಗ್ಗಿಸಿದ್ದೆ ಅಷ್ಟೇ. ಎಲ್ಲೋ ದೂರದಲ್ಲಿ ನಾದಸ್ವರ ಊದಿದ ಹಾಗಾಯಿತು. ದೂರವಲ್ಲ, ಕೆಳಗೆ. ಬುಕಿಂಗಿಗೆ ಒಂದು ದಿನ ಮುಂಚೆ ನೆನಪಿಸಲು ನಿಮ್ಮ ಫೋನು ಊದುತ್ತಿದ್ದ ಅದೇ ನಾದಸ್ವರ. ಅಲ್ಲಿದ್ದ ಗಂಡಸರೆಲ್ಲ ತಮ್ಮ ತಮ್ಮ ಜೇಬು ಮುಟ್ಟಿಕೊಂಡರು. "ಯಾರ್ದಪ್ಪಾ ಅದು, ಆಫ್ ಮಾಡ್ರಿ" ಅಂದರು ನಿಮ್ಮ ತಮ್ಮ. ಯಾರ ಕೈಯೂ ಜೇಬಿನಿಂದ ಈಚೆ ಬರಲಿಲ್ಲ. ನಾನೂ ಶೈಲಾಳೂ ಒಬ್ಬರ ಮುಖ ಒಬ್ಬರು ನೋಡಿದೆವು. ನನ್ನ ಕೈಯ ಹಾಲು ಸುರಿಯುತ್ತಲೇ ಇತ್ತು, ಮಣ್ಣು ಕುಡಿಯುತ್ತಲೇ ಇತ್ತು. ಆಮೇಲೆ ಅದು ತಾನಾಗಿ ನಿಂತಿತು.

ಮನೆಗೆ ಬಂದವಳೇ ಶೈಲಾ ಕಾಲು ಕೂಡ ತೊಳೆಯದೆ ಕಂಪ್ಯೂಟರ್ ಹಾಕಿದಳು. ಫೋನಿನಲ್ಲಿದ್ದದ್ದೆಲ್ಲ ಅದರಲ್ಲೂ ಇತ್ತಲ್ಲ. ಮಾರನೆಯ ದಿನ ಹುಣಸಮಾರನಹಳ್ಳಿಯಲ್ಲಿ ಗೃಹಪ್ರವೇಶ, ಕುರ್ಚಿ, ಕೊಪ್ಪರಿಗೆ, ಬೆಳಗಿನ ಜಾವಕ್ಕೇ ಇಳಿಸಬೇಕು. ನಾವು ಮರೆತೇಬಿಟ್ಟಿದ್ದೆವು. ಸೂತಕದ ಮನೆಯ ಸಾಮಾನು ಗೃಹಪ್ರವೇಶಕ್ಕೆ ಕಳಿಸಲು ಆಗುತ್ತದೆಯೇ? ಶೈಲಾ ಬೇರೆ ಅಂಗಡಿಯವರಿಗೆ ಹೇಳಿ ಕಳಿಸಿಕೊಟ್ಟಳು. ಆ ಮನೆಯವರಿಗೆ ನೀವು ಇಲ್ಲ ಅನ್ನುವುದು ಗೊತ್ತಾದದ್ದೇ ಊಟ ಮುಗಿದ ಮೇಲೆ. ಮಣ್ಣಿನೊಳಗಿದ್ದೂ ಮಾತು ಉಳಿಸಿಕೊಂಡಿರಿ. ನನಗೆ ಹೆಮ್ಮೆಯಾಯಿತೋ ಭಯವಾಯಿತೋ ಇವತ್ತಿಗೂ ಹೇಳಲಾರೆ.

ಅಂದಿನಿಂದ ಅಂಗಡಿಯ ಬುಕಿಂಗ್ ಎಲ್ಲ ಶೈಲಾಳದ್ದೇ. ವಾರಕ್ಕೊಂದು ಸಲ ಟಿ. ದಾಸರಹಳ್ಳಿಯ ಗಂಡನ ಮನೆಯಿಂದ ಬಂದು, ತನ್ನ ಫೋನಿಗೂ ನಿಮ್ಮ ಕಂಪ್ಯೂಟರಿಗೂ ವೈರು ಸಿಕ್ಕಿಸಿ ಹೋಗುತ್ತಿದ್ದಳು. ನಿಮ್ಮ ಕುರ್ಚಿಯ ಮೇಲೆ ನಿಮ್ಮ ಹಾಗೆಯೇ ಒಂದು ಕಾಲು ಮಡಚಿ ಕೂರುತ್ತಾಳೆ. ಹೊಟ್ಟೆಯಲ್ಲಿ ಮಗು ನಿಂತ ಮೇಲೂ ಬಿಡಲಿಲ್ಲ. ಎಂಟು ವರ್ಷ ಕಾದಿದ್ದ ಮಗು, ಓಡಾಡಬೇಡ ಅಂದರೆ, ಅಪ್ಪನ ಅಂಗಡಿ ಅನ್ನುತ್ತಿದ್ದಳು.

ಸೀಮಂತದ ಮಾರನೆಯ ದಿನ ನನಗೊಂದು ದೊಡ್ಡ ಫೋನು ತಂದುಕೊಟ್ಟಳು. ನನ್ನ ಹಳೆಯ ಡಬ್ಬಿ ಫೋನಿನ ನಂಬರುಗಳನ್ನು ಕಂಪ್ಯೂಟರಿಗೆ ಹಾಕಿ, ಅಲ್ಲಿಂದ ಹೊಸದಕ್ಕೆ ಇಳಿಸಿದಳು. ನೀವು ಕುರ್ಚಿಗಳ ರಾಶಿಯ ಮೇಲೆ ಕೂತು ಹಲ್ಲು ಬಿಡದೆ ನಗುವ ಫೋಟೋ ಇದೆಯಲ್ಲ, ಅದನ್ನು ನಿಮ್ಮ ನಂಬರಿಗೆ ಅಂಟಿಸಿಕೊಟ್ಟಳು. ಇಲ್ಲದವರ ನಂಬರು ಯಾಕೆ ಅಂತ ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ. ಮಧ್ಯದಲ್ಲಿ ಕಂಪ್ಯೂಟರ್ ಇಂಗ್ಲಿಷಿನಲ್ಲಿ ಏನೋ ಕೇಳಿತು. ನಾದಿನಿ ಸೀಮಂತಕ್ಕೆ ಉಟ್ಟಿದ್ದ ಸೀರೆಯನ್ನು ಆಡಿಕೊಳ್ಳುತ್ತಲೇ ಅವಳು ಹೂಂ ಅಂತ ಒತ್ತಿದಳು. ಮಾರನೆಯ ಬೆಳಿಗ್ಗೆ ನನ್ನ ಕೈಯಲ್ಲಿ ನಾದಸ್ವರ ಊದಿತು. ಕನ್ನಡಕ ಹಾಕಿಕೊಂಡು ಓದಿದರೆ, 'ಇವಳಿಗೆ ಬಿ.ಪಿ. ಮಾತ್ರೆ ತರಬೇಕು.' ತಿಂಗಳು ತಿಂಗಳು ಬರುವ ಹಾಗೆ ನೀವು ಬರೆದಿಟ್ಟದ್ದು ನಂಬರುಗಳ ಜೊತೆ ಇಳಿದು ಬಂದಿತ್ತಂತೆ, ಅಳಿಸುವ ತನಕ ಬರುತ್ತಲೇ ಇರುತ್ತದಂತೆ. ಮಾತ್ರೆ ನಿಜವಾಗಿಯೂ ಮುಗಿದಿತ್ತು. ಹೋಗಿ ತಂದೆ. ಇನ್ನೇನು ಮಾಡಲಿ?

ಆ ಮಧ್ಯಾಹ್ನ ನಡುಮನೆಯಲ್ಲಿ ಕೂತು ಅವರೆಕಾಯಿ ಬಿಡಿಸುತ್ತಿದ್ದೆ. ಮುಂದಿನ ವಾರ ಶೈಲಾಳನ್ನು ಹೆರಿಗೆಗೆ ಕರೆತರುವುದಿತ್ತು, ಅವಳಿಗೆ ಹಿತಕಿದ ಬೇಳೆ ಸಾರು ಅಂದರೆ ಆಸೆ. ಫೋನು ಕಂಪ್ಯೂಟರಿನ ಪಕ್ಕದಲ್ಲಿತ್ತು. ರಿಂಗಾಯಿತು. ಎದ್ದು ಹೋಗಿ ನೋಡಿದರೆ ನಿಮ್ಮ ಮುಖ. ಅದೇ ಕುರ್ಚಿಗಳ ರಾಶಿ, ಅದೇ ನಗು. ಕೆಳಗೆ 'ನಮ್ಮನೆಯವರು'. ಆ ಫೋನು ಎಲ್ಲಿದೆ ಅಂತ ನನಗೆ ಗೊತ್ತು, ಯಾವ ಜೇಬಿನಲ್ಲಿ, ಎಷ್ಟು ಮಣ್ಣಿನ ಕೆಳಗೆ ಅಂತ ಗೊತ್ತು...

ಹೊರಗಿನಿಂದ ಯಾರಾದರೂ ಕೂಗಿದರೆ ಒಂದೇ ಸಲಕ್ಕೆ ಓ ಅನ್ನಬಾರದು ಅಂತ ನಮ್ಮಮ್ಮ ಹೇಳಿಕೊಟ್ಟಿದ್ದಳು. ಮನುಷ್ಯರಾದರೆ ಮೂರು ಸಲ ಕೂಗುತ್ತಾರೆ, ದೆವ್ವಗಳು ಹಾಗೆ ಕೂಗುವುದಿಲ್ಲ ಅಂತ. ನಿಂತೇ ಇದ್ದೆ. ರಿಂಗು ನಿಂತಿತು. ಮತ್ತೆ ಬಂತು, ನಿಂತಿತು. ಕೆಳಗೆ ಪಾತ್ರೆ ಇಡುವ ಕೋಣೆಯಲ್ಲಿ ಒಂದು ಮುಚ್ಚಳ ಠಣ್ ಅಂದು, ಅದರ ಸದ್ದು ಬಹಳ ಹೊತ್ತು ಸುತ್ತಿತು. ಕೋಣೆಗೆ ಬೀಗ ಹಾಕಿತ್ತು. ಮೂರನೆಯ ಸಲ ನಿಮ್ಮ ಮುಖ ಬಂದಾಗ ನನಗೆ ಭಯ ಹೋಗಿ ಸಿಟ್ಟು ಬಂದಿತ್ತು.

"ಏನ್ರೀ, ನನ್ನ ಕರ್ಕೊಂಡು ಹೋಗಕ್ಕೆ ಬಂದ್ರಾ?" ಅಂದೆ. "ಶೈಲಾ ಬಾಣಂತನ ಮುಗಿಯೋವರ್ಗೂ ನಂಗೆ ಪುರುಸೊತ್ತಿಲ್ಲ."

ಆ ಕಡೆ ಉಸಿರು ಮಾತ್ರ ಕೇಳಿಸಿತು. ಆಮೇಲೆ ಅಳಿಯ ಮಂಜುನಾಥನ ಧ್ವನಿ. "ಅತ್ತೆ, ನಾನು ಮಂಜು."

"ನೀನಾ? ಅವರ ಮುಖ ಹಾಕ್ಕೊಂಡು ಯಾಕಪ್ಪ ಬಂದೆ?"

ಅವನಿಗೆ ಅದೆಲ್ಲ ಅರ್ಥವಾಗುವ ಸ್ಥಿತಿ ಇರಲಿಲ್ಲ. ಶೈಲಾಳಿಗೆ ದಿನ ತುಂಬುವ ಮುಂಚೆಯೇ ನೋವು ಬಂದಿತ್ತು, ರಕ್ತ ಹೋಗುತ್ತಿತ್ತು. ಪೀಣ್ಯದ ಫ್ಯಾಕ್ಟರಿಯಿಂದ ಓಡಿಬಂದು, ಆಟೋದಲ್ಲಿ ಹಾಕಿಕೊಂಡು ಯಶವಂತಪುರದ ಆಸ್ಪತ್ರೆಗೆ ತಂದಿದ್ದ. ತಕ್ಷಣ ಆಪರೇಷನ್ ಆಗಬೇಕು, ತಡವಾದರೆ ಎರಡು ಜೀವಕ್ಕೂ ಕಷ್ಟ ಅಂದಿದ್ದರಂತೆ. ಇವಳು ನಿಮ್ಮ ಮಗಳು, ಅಮ್ಮನ ಹತ್ತಿರ ಮಾತಾಡದೆ ಒಳಗೆ ಬರುವುದಿಲ್ಲ ಅಂತ ಗಾಲಿಮಂಚದ ಸರಳು ಹಿಡಿದುಕೊಂಡಿದ್ದಳಂತೆ. ಫೋನನ್ನು ಅವಳ ಕಿವಿಗೆ ಇಟ್ಟ.

"ಅಮ್ಮ, ನಂಗೆ ಭಯ ಆಗ್ತಿದೆ" ಅಂದಳು. ಐದು ವರ್ಷದ ಹುಡುಗಿಯ ಧ್ವನಿ.

ನನ್ನ ಬಾಯಿಂದ ಆ ಮಾತು ಹೇಗೆ ಬಂತೋ. "ಹೋಗು ಮಗಳೆ. ಈಗ ತಾನೇ ನಿಮ್ಮಪ್ಪ ಫೋನ್ ಮಾಡಿದ್ರು. ಏನೂ ಆಗಲ್ಲ, ಹೋಗು" ಅಂದೆ.

ಅವಳು ಯಾಕೆ, ಹೇಗೆ ಅಂತ ಕೇಳಲಿಲ್ಲ. ಹೂಂ ಅಂದಳು. ಸರಳು ಬಿಟ್ಟಳಂತೆ.

ಆಸ್ಪತ್ರೆಯ ಬೆಂಚಿನ ಮೇಲೆ ಮಂಜುವಿನ ಪಕ್ಕದಲ್ಲಿ ಕೂತಿದ್ದು ನನ್ನ ಆಯುಸ್ಸಿನಲ್ಲೇ ಉದ್ದವಾದ ಸಾಯಂಕಾಲ. ನಾನೇ ಸುಮ್ಮನಿರಲಾರದೆ, ಮೊದಲ ಸಲವೇ ಎತ್ತಬೇಕಿತ್ತು, ಮೂರು ಸಲ ಮಾಡಿಸಿದೆ ಕಣಪ್ಪ ಅಂದೆ. ಅವನು ತಲೆ ಎತ್ತಿ ನೋಡಿದ. "ಎರಡೇ ಸಲ ಅತ್ತೆ ಮಾಡಿದ್ದು. ಎರಡನೇ ಸಲ ನೀವು ಎತ್ತಿದ್ರಿ." ತನ್ನ ಫೋನು ತೆಗೆದು ತೋರಿಸಿದ. ನನ್ನ ಫೋನು ನಾನು ಸೆರಗಿನಲ್ಲಿ ಸುತ್ತಿಟ್ಟುಕೊಂಡೆ.

ಹತ್ತು ದಿನಕ್ಕೆ ಮನೆಗೆ ಬಂದಳು ಶೈಲಾ. ಹಸಿ ಬಾಣಂತಿ, ತಲೆಗೆ ಬಟ್ಟೆ ಕಟ್ಟಿಕೊಂಡೇ ನನ್ನ ಫೋನು ತೆಗೆದು ನೋಡಿ, ನಗಲೂ ಆಗದೆ ಅಳಲೂ ಆಗದೆ ಕೂತಳು. ತಪ್ಪು ಎಲ್ಲಾಗಿತ್ತು ಗೊತ್ತೇ? ಗಂಡನ ಹೆಸರು ಹೇಳಬಾರದು ಅಂತ ನಾನು ನಿಮ್ಮ ನಂಬರನ್ನು 'ನಮ್ಮನೆಯವರು' ಅಂತ ಬರೆಸಿಕೊಂಡಿದ್ದೆ. ಡಿಗ್ರಿ ಓದಿದ ನಿಮ್ಮ ಮಗಳೂ ನನ್ನನ್ನು ನೋಡಿಯೇ ಕಲಿತವಳು, ಮಂಜುವಿನ ನಂಬರನ್ನು ತನ್ನ ಫೋನಿನಲ್ಲಿ 'ನಮ್ಮನೆಯವರು' ಅಂತಲೇ ಬರೆದಿದ್ದಳು. ಎರಡೂ ಒಂದೇ ಕಂಪ್ಯೂಟರಿನೊಳಗೆ ಸೇರಿದವು. ಇಬ್ಬರೂ ಒಬ್ಬರೇನಾ ಅಂತ ಅದು ಕೇಳಿದೆ, ಇವಳು ಹೂಂ ಅಂದಿದ್ದಾಳೆ. ಅದಕ್ಕೇನು ಗೊತ್ತು ಪಾಪ, ಯಾವ ಮನೆಯ ಯಾರು ಅಂತ? ನಿಮ್ಮ ಮುಖದ ಕೆಳಗೆ ಅಳಿಯನ ನಂಬರು ಬಂದು ಕೂತಿತ್ತು.

"ಅಮ್ಮ, ಇಲ್ಲಿ ಮೂರು ಸಲ ಅಂತಲೇ ಇದೆ" ಅಂದಳು ಆಮೇಲೆ, ಮೆಲ್ಲಗೆ. ಎರಡು ನಂಬರೂ ಒಂದೇ ಹೆಸರಿನ ಕೆಳಗಿರುವುದಕ್ಕೆ ಯಾವುದು ಯಾರದ್ದು ಅಂತ ಕಾಣುತ್ತಿಲ್ಲ, ಬೇರೆ ಮಾಡಿದರೆ ಮೊದಲನೆಯದು ಎಲ್ಲಿಂದ ಬಂತು ಅಂತ ತಿಳಿಯುತ್ತದೆ ಅಂದಳು. ಅವಳ ಬೆರಳು ಗಾಜಿನ ಮೇಲೆ ನಿಂತಿತ್ತು. ಮಂಜುವೇ ಗಾಬರಿಯಲ್ಲಿ ಇನ್ಯಾರ ಫೋನಿಂದಲೋ ಮಾಡಿರಬಹುದು ಅನ್ನೋಣ ಅಂದರೆ, ಇನ್ಯಾರ ಫೋನಾದರೂ ಆ ಹೆಸರು, ಆ ಮುಖ ಬರುವುದಿಲ್ಲವಲ್ಲ.

"ಮೊದ್ಲು ಆ ಕರೆಗಳ ಲೆಕ್ಕ ಅಳಿಸು. ಆಮೇಲೆ ಬೇರೆ ಮಾಡು" ಅಂದೆ.

"ನಿಂಗೆ ತಿಳ್ಕೋಬೇಕು ಅನ್ಸಲ್ವಾ ಅಮ್ಮ?"

"ನೀನು ಒಳಗೆ ಹೋಗಕ್ಕೆ ಒಪ್ಕೊಂಡಿದ್ದು ನನ್ನ ಮಾತಿಂದ. ಅದು ಸುಳ್ಳು ಅಂತಾನೂ ಗೊತ್ತಾಗ್ಬಾರ್ದು, ನಿಜ ಅಂತಾನೂ ಗೊತ್ತಾಗ್ಬಾರ್ದು."

ಅಳಿಸಿದಳು. ನನಗಿಂತ ಅವಳಿಗೇ ನೆಮ್ಮದಿಯಾಯಿತು ಅನ್ನಿಸಿತು.

ಬೇರೆ ಮಾಡುವಾಗ ಇನ್ನೊಂದು ತೊಡಕು. ಮತ್ತೆ ಇದೇ ಗೋಜಲಾಗಬಾರದು ಅಂದರೆ ಇಬ್ಬರಿಗೂ ಅವರವರ ಹೆಸರೇ ಇಡಬೇಕಂತೆ. ಅವಳು ಮಂಜುನಾಥ ಅಂತ ಪಟಪಟ ಒತ್ತಿದಳು. ಈ ಕಾಲದವರು. ಆಮೇಲೆ ಫೋನನ್ನು ನನ್ನ ಕೈಗೆ ಕೊಟ್ಟು, ಅಪ್ಪನದ್ದು ನೀನೇ ಬರೆಯಬೇಕು ಅಂದಳು. ಮದುವೆಯಲ್ಲಿ ಒಗಟು ಕಟ್ಟಿ ಹೆಸರು ಹೇಳು ಅಂತ ನಿಮ್ಮ ಅಕ್ಕ ಬಾಗಿಲಿಗೆ ಅಡ್ಡ ನಿಂತಾಗಲೂ ನಾನು ಹೇಳಿದವಳಲ್ಲ. ರೇಷನ್ ಕಾರ್ಡಿಗೆ ಕೂಡ ನಿಮ್ಮ ತಮ್ಮನಿಂದಲೇ ಹೇಳಿಸಿದೆ. ಈಗ ಒಂದೊಂದೇ ಅಕ್ಷರ ಹುಡುಕಿ ಒತ್ತಿದೆ. ಒತ್ತು ಎಲ್ಲಿದೆ ಅಂತ ಮಾತ್ರ ಅವಳನ್ನು ಕೇಳಿದೆ. ಚೆನ್ನಾಗಿದೆ ಕಣ್ರೀ ನಿಮ್ಮ ಹೆಸರು. ಆದರೂ ಈ ಕಾಗದದಲ್ಲಿ ಬರೆಯುವುದಿಲ್ಲ, ನಾಚಿಕೆ.

ಹೆಣ್ಣುಮಗು. ನಿಮಗೆ ತಿಳಿಸುವವರು ಯಾರೂ ಇರಲಿಲ್ಲವಲ್ಲ, ಅದಕ್ಕೆ ಹೇಳುತ್ತಿದ್ದೇನೆ. ಹುಟ್ಟಿದಾಗ ಅಂಗೈ ಅಗಲ ಇತ್ತು, ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದರು. ಈಗ ಕೆನ್ನೆ ಬಂದಿದೆ, ಕಿರುಚಿದರೆ ಮೂರು ಮನೆ ಆಚೆಗೆ ಕೇಳುತ್ತದೆ. ಅಜ್ಜಿಯ ಗಂಟಲೇ ಅಂತ ಮಂಜು ಅನ್ನುತ್ತಾನೆ, ನನ್ನ ಮುಂದೆ ಅಲ್ಲ.

ಶೈಲಾ ಈಗ ಎರಡನ್ನೂ ಸರಿಮಾಡಿದ್ದಾಳೆ, ಕಂಪ್ಯೂಟರೂ ಫೋನೂ ಒಂದೇ ಮಾತು ಹೇಳುತ್ತವೆ. ಅಳಿಯ ಮಾಡಿದರೆ ಅಳಿಯನ ಮುಖವೇ ಬರುತ್ತದೆ. ನಿಮ್ಮ ಹೆಸರಿನ ಕೆಳಗೆ ನಿಮ್ಮ ನಂಬರೊಂದೇ ಉಳಿದಿದೆ. ಇನ್ನು ಆ ಹೆಸರು ಬೆಳಗಿದರೆ ಅದು ಬೇರೆ ಯಾರದ್ದೋ ಇರಬೇಕು ಅಂದುಕೊಳ್ಳಲು ನನಗೆ ದಾರಿಯೇ ಇಲ್ಲ. ಆ ನಂಬರು ಅಳಿಸಿಬಿಡಲಾ ಅಂತ ಶೈಲಾ ಕೇಳಿದಳು. ಬೇಡ ಅಂದೆ.

ಮಾಡುವುದಾದರೆ ಮಗು ಎದ್ದಿರುವ ಹೊತ್ತು ನೋಡಿ ಮಾಡಿ. ಎತ್ತುತ್ತೇನೆ.