ರಾದಾಮೆಸ್‌ನ ಎಡಗೈ

ಫ್ಲೋರಿಡಾ,
ಫೆಬ್ರವರಿ 11

ನನ್ನ ಮುದ್ದು ನೆರೆಯ್ದಾ ಅಕ್ಕಾ,

ನಿಂತುಕೊಂಡು ಓದಬೇಡ, ಕುಳಿತುಕೋ. ಕರಾರು ಆಯಿತು! ಒಂದಲ್ಲ, ಪೂರ್ತಿ ಎರಡು ವರ್ಷದ್ದು. ನಿನ್ನ ತಂಗಿಯ ಗಂಡ ಇನ್ನೂ ಎರಡು ವರ್ಷ ಅಮೆರಿಕದ ದೊಡ್ಡ ಬೇಸ್‌ಬಾಲ್ ಲೀಗಿನಲ್ಲಿ ಚೆಂಡು ಎಸೆಯುತ್ತಾನೆ. ಫೋನಿನಲ್ಲೇ ಹೇಳಬಹುದಿತ್ತು, ಆದರೆ ನೀನು ಫೋನೆತ್ತಿದರೆ ಅಮ್ಮನ ಕಿವಿಯೂ ಅದಕ್ಕೇ ಅಂಟಿಕೊಂಡಿರುತ್ತದೆ. ಹಾಗಾಗಿ ಊರಿಗೆ ಹೊರಟಿರುವ ಮಿಲ್ಕಿಯ ಕೈಯಲ್ಲಿ ಈ ಕಾಗದ ಕಳಿಸುತ್ತಿದ್ದೇನೆ.

ಈ ಬಾಡಿಗೆ ಮನೆ ಎಷ್ಟು ಚಂದವಿದೆ ಗೊತ್ತೇ? ಕಿಟಕಿ ತೆರೆದರೆ ಕೊಳ, ಕೊಳದ ಅಂಚಿನಲ್ಲಿ ಕೊಕ್ಕರೆಗಳು. ಮೊದಲ ದಿನವೇ ಬಾಳೆಕಾಯಿ ಕರಿಯಲು ಹೋಗಿ ಹೊಗೆಯ ಗಂಟೆ ಹೊಡೆಸಿಬಿಟ್ಟೆ. ರಾದಾಮೆಸ್ ಓಡಿ ಬಂದು ಟವೆಲ್ ಬೀಸಿ ಬೀಸಿ ನಕ್ಕ. ಬಲಗೈಯಲ್ಲಿ ಬೀಸಿದ. ಮದುವೆಯಾಗಿ ಇಷ್ಟು ದಿನವಾದರೂ, ಅವನು ಬಾಗಿಲಲ್ಲಿ ತಲೆ ತಗ್ಗಿಸಿ ಒಳಗೆ ಬರುವುದನ್ನು ನೋಡಿದರೆ ಇಷ್ಟು ಎತ್ತರದ ಮನುಷ್ಯ ನನ್ನವನು ಎಂದು ನನಗಿನ್ನೂ ನಂಬಿಕೆ ಬರುವುದಿಲ್ಲ.

ನೀನು ನೋಡಿದ್ದು ಮದುವೆಯ ಕುಣಿತ ಮಾತ್ರ. ಆಮೇಲಿನ ಚಳಿಗಾಲ ಹೇಗೆ ಕಳೆಯಿತು ಎಂದು ನಿನಗೂ ಹೇಳಿರಲಿಲ್ಲ. ಹಳೆಯ ತಂಡದ ಕರಾರು ಮುಗಿದಿತ್ತು, ಹೊಸ ತಂಡ ಸಿಕ್ಕಿರಲಿಲ್ಲ. ಇವನಿಗೆ ಮೂವತ್ತೆರಡು. ಈ ಆಟದಲ್ಲಿ ಅದು ಮುದುಕರ ವಯಸ್ಸು. ಒಂದು ಋತು ಖಾಲಿ ಕೂತರೆ ಮುಂದಿನ ವರ್ಷ ಯಾರೂ ಹೆಸರೆತ್ತುವುದಿಲ್ಲ. ಅಂಗಳದಲ್ಲಿ ಡಾಮಿನೋ ಆಡುತ್ತಿದ್ದ ಚಿಚೋ ಮಾವ ಎಲ್ಲರೆದುರಿಗೇ, “ಏನಪ್ಪಾ ಮದುಮಗಾ, ನಿನ್ನ ಕೈಗೆ ಈ ಸಲ ಗಿರಾಕಿನೇ ಇಲ್ವಂತೆ? ಬಾ, ನಮ್ಮ ಕೋಕೋ ಕೀಳೋಕೆ ಎಡಗೈಯಾದ್ರೂ ನಡೆಯುತ್ತೆ” ಅಂದರು. ಎಲ್ಲರೂ ನಕ್ಕರು. ಇವನೂ ನಕ್ಕ, ಆಮೇಲೆ ಊಟ ಮಾಡಲಿಲ್ಲ.

ಕೆಸ್ಲರ್ ಅಂತ ನಮ್ಮ ಏಜೆಂಟ್. ಅವರಿಗೆ ನಮ್ಮ ಮಾತು ಬಾರದು, ರಾದಾಮೆಸ್‌ಗೆ ಇಂಗ್ಲಿಷ್ ಆಡಲು ಸಂಕೋಚ. ಅದಕ್ಕೇ ನಡುವೆ ನಾನು. ಸಿಸ್ಟರುಗಳ ಶಾಲೆಗೆ ಸುರಿದ ದುಡ್ಡು ದಂಡವಾಗಲಿಲ್ಲ ಎಂದು ಅಪ್ಪನಿಗೆ ಹೇಳು. ಕೆಸ್ಲರ್ ನನ್ನ ಉಚ್ಚಾರಣೆಯನ್ನು ಹೊಗಳಿದಾಗಲೆಲ್ಲ ನಾನು ಉಬ್ಬಿಹೋಗುತ್ತಿದ್ದೆ. ಅವರು ಕೆಲಸ ಮಾಡುವ ಬಗೆಯೇ ವಿಚಿತ್ರ. ತಾವಾಗಿ ಯಾವ ತಂಡಕ್ಕೂ ಮೊದಲು ಮೊತ್ತ ಹೇಳುವುದಿಲ್ಲ. ಕೇಳಿದ ತಂಡಕ್ಕೆ ಇನ್ನೊಂದು ತಂಡವೂ ಕೇಳುತ್ತಿದೆ ಅನ್ನುತ್ತಾರೆ. ಯಾವುದು ಆ ಇನ್ನೊಂದು ಎಂದು ನಾನು ಕೇಳಿದೆ. ಬೇಗ ಸಿಗುತ್ತದೆ ಎಂದು ನಕ್ಕರು. ಮೊದಲ ಕರೆಯಲ್ಲೇ ಅವರು ಒಂದು ನಿಯಮವನ್ನೂ ಹಾಕಿದ್ದರು: “ಕೈ ಹೇಗಿದೆ ಅಂತ ನಾನು ಕೇಳಲ್ಲ, ನೀವೂ ಹೇಳಬೇಡಿ. ಗೊತ್ತಿಲ್ಲದ್ದನ್ನ ಮುಚ್ಚಿಟ್ಟ ಅಂತ ನನ್ನನ್ನ ಯಾರೂ ಹಿಡಿಯೋಕಾಗಲ್ಲ.”

ಡಿಸೆಂಬರಿನಲ್ಲಿ, ಈಗ ಸೇರಿರುವ ಈ ತಂಡದವರೇ ಒಂದು ವರ್ಷಕ್ಕೆ ಕೇಳಿದರು. ಕೆಸ್ಲರ್ ಒಪ್ಪಲಿಲ್ಲ. ಒಂದೇ ವರ್ಷ ಅಂದರೆ ಅವರಿಗೆ ಕೈಯ ಮೇಲೆ ಅನುಮಾನವಿದೆ ಎಂದು ಅರ್ಥ, ಕಾಯೋಣ ಅಂದರು. ಆಮೇಲೆ ಫೋನ್ ಸತ್ತೇ ಹೋಯಿತು. ಎಡಗೈಯ ಎಸೆತಗಾರರಿಗೆ ಒಬ್ಬೊಬ್ಬರಾಗಿ ತಂಡ ಸಿಗುತ್ತಿರುವ ಸುದ್ದಿ ಟಿವಿಯಲ್ಲಿ ಬರುತ್ತಿತ್ತು, ಇವನು ಎದ್ದು ಅಂಗಳಕ್ಕೆ ಹೋಗಿಬಿಡುತ್ತಿದ್ದ. ಕ್ರಿಸ್ಮಸ್ಸಿಗೆ ನೀನು ಬಾಳೆಲೆಯಲ್ಲಿ ಸುತ್ತಿ ಬೇಯಿಸಿ ತಂದ ಪಾಸ್ತೆಲೆಸ್ ಇಡೀ ದಿನ ಹಾಗೇ ಇದ್ದವು. ನಿನಗೆ ಬೇಸರವಾಯಿತೆಂದು ನನಗೆ ಗೊತ್ತು. ತಿನ್ನುವ ಮನಸ್ಸು ಮನೆಯಲ್ಲಿ ಯಾರಿಗೂ ಇರಲಿಲ್ಲ.

ಜನವರಿಯಲ್ಲಿ ಕೆಸ್ಲರ್ ಹೊಸ ದಾರಿ ಹುಡುಕಿದರು. ನಮ್ಮ ಕಡೆಯ ಬೊಕಾ ಚಿಕಾದ ಮೈದಾನಕ್ಕೆ, ಆಟಗಾರರನ್ನು ಆರಿಸುವ ಎಲ್ಲ ತಂಡಗಳ ನೋಟಗಾರರನ್ನೂ ಕರೆದು, ಇವನಿಂದ ಎಸೆಸಿ ತೋರಿಸುವುದು. ಸಂತೆಯಲ್ಲಿ ಹೋರಿ ಓಡಿಸಿ ತೋರಿಸಿದ ಹಾಗೆ. ಅಂದು ಬೆಳಿಗ್ಗೆ ಕೆಸ್ಲರ್ ಕಡೆಯವನೊಬ್ಬ ಬಂದು ಕೈ ತಿಕ್ಕಿ ಸಡಿಲ ಮಾಡಿ ಹೋದ. ಕೆಸ್ಲರ್ ಮಾತ್ರ ಒಳಗೆ ಬರಲಿಲ್ಲ, ಅಷ್ಟು ಹೊತ್ತೂ ಕಾರಿನಲ್ಲೇ ಕುಳಿತಿದ್ದರು.

ಅಕ್ಕಾ, ಅವತ್ತು ಅವನು ಎಸೆದದ್ದನ್ನು ನೀನು ನೋಡಬೇಕಿತ್ತು! ವೇಗ ಅಳೆಯುವ ಯಂತ್ರ ಹಿಡಿದವರು ಒಬ್ಬರ ಯಂತ್ರ ಒಬ್ಬರು ಇಣುಕಿ ನೋಡಿದರು. ಕೆಸ್ಲರ್ ನನಗೆ ಕಣ್ಣು ಮಿಟುಕಿಸಿದರು. ನಾನು ಓಡಿ ಹೋಗಿ ರಾದಾಮೆಸ್‌ನ ಕೊರಳಿಗೆ ಜೋತುಬಿದ್ದೆ. ಇವನು ಬೇರೆ ಯಾರದೋ ಕೈ ನೋಡುವವನಂತೆ ತನ್ನ ಕೈಯನ್ನೇ ನೋಡುತ್ತಿದ್ದ. ಸಂಜೆಯೊಳಗೆ ಅದೇ ತಂಡದಿಂದ ಎರಡು ವರ್ಷಕ್ಕೆ ಕರೆ ಬಂತು.

ಇನ್ನು ಉಳಿದದ್ದು ತಂಡದ ಡಾಕ್ಟರ ಪರೀಕ್ಷೆ. ಡಾಕ್ಟರು ಒಪ್ಪದೆ ಯಾವ ಕರಾರೂ ಕರಾರಲ್ಲ. ಅದಕ್ಕೇ ಇಲ್ಲಿಗೆ ಬಂದೆವು. ತಂಡದ ದುಭಾಷಿ ರಜೆಯಲ್ಲಿದ್ದ, ಅಲ್ಲೂ ನಾನೇ ನಿಂತೆ. ಡಾಕ್ಟರು ವಯಸ್ಸಾದವರು, ತುಂಬಾ ಸಮಾಧಾನಿ. ಮೊಣಕೈಯ ಸ್ಕ್ಯಾನ್ ಬೆಳಕಿಗೆ ಹಿಡಿದು, ಈ ವಯಸ್ಸಿನ ಎಸೆತಗಾರರ ಮೊಣಕೈಯೆಲ್ಲ ಹೀಗೇ ಸವೆದಿರುತ್ತದೆ, ಇಷ್ಟರಿಂದಲೇ ಏನೂ ಹೇಳಲಾಗದು, ನೋವಿದೆಯೋ ಇಲ್ಲವೋ ಅನ್ನುವುದೇ ಮುಖ್ಯ ಅಂದರು. ಪ್ರಶ್ನೆಗಳೆಲ್ಲ ಸರಿಯಾಗಿ ಮುಗಿದವು. ಮರುದಿನ ಸಹಿ. ಹೊಸ ಟೋಪಿ ಹಾಕಿಕೊಂಡ ಫೋಟೋ ಕಳಿಸಿದ್ದೇನೆ, ಅಮ್ಮನ ದೇವರ ಪಟಗಳ ಪಕ್ಕ ಇಡಲಿ.

ಈಗ ರಾದಾಮೆಸ್ ಹೆಚ್ಚು ಮಲಗುತ್ತಾನೆ, ಕಡಿಮೆ ಮಾತಾಡುತ್ತಾನೆ. ಋತು ಶುರುವಾಗುವ ಮುಂಚೆ ಆಟಗಾರರು ಹಾಗೆಯೇ ಇರುತ್ತಾರಂತೆ. ನಾನು ಪರದೆಗೆ ಹಳದಿ ಬಟ್ಟೆ ಆರಿಸಿದ್ದೇನೆ. ಮಕ್ಕಳಿಗೆ ಮುತ್ತು, ಅಮ್ಮ ಅಪ್ಪನ ಆಶೀರ್ವಾದ ಇರಲಿ.

ಸಂತೋಷದಲ್ಲಿ ತೇಲುತ್ತಿರುವ ನಿನ್ನ ತಂಗಿ,
ಯೂಡೆಲ್ಕಾ

ತಾ.ಕ.: ಅಕ್ಕಾ, ಈ ಹಾಳೆ ನಿನಗೊಬ್ಬಳಿಗೆ. ಅಮ್ಮನಿಗೆ ಓದಬೇಡ.

ಬೊಕಾ ಚಿಕಾದಲ್ಲಿ ಕೆಸ್ಲರ್ ಕಡೆಯ ಆ ಮನುಷ್ಯ ಕೈ ತಿಕ್ಕಲಿಲ್ಲ, ಮೊಣಕೈಗೆ ನೋವು ಕೊಲ್ಲುವ ಇಂಜೆಕ್ಷನ್ ಚುಚ್ಚಿದ. ಇಲ್ಲಿ ಪರೀಕ್ಷೆಯ ದಿನ ಡಾಕ್ಟರು ಇವನ ಮೊಣಕೈಯನ್ನು ಮಗುವಿನದೇನೋ ಎಂಬಂತೆ ಎರಡೂ ಕೈಯಲ್ಲಿ ಹಿಡಿದು, ನೋವಿದೆಯಾ, ಇಂಜೆಕ್ಷನ್ ಏನಾದರೂ ತಗೊಂಡಿದ್ದೀಯಾ ಎಂದು ಕೇಳಿದರು. ನಾನು ಹಾಗೆಯೇ ನಮ್ಮ ಮಾತಿನಲ್ಲಿ ಹೇಳಿದೆ. ರಾದಾಮೆಸ್ ತುಂಬಾ ಹೊತ್ತು ಮಾತಾಡಿದ. ಅಷ್ಟು ಮಾತನ್ನು ನನ್ನ ಹತ್ತಿರವೂ ಎಂದೂ ಆಡಿರಲಿಲ್ಲ. ಆಗಸ್ಟಿನಿಂದ ನೋವಂತೆ, ಆ ಮಗ್ಗುಲಿಗೆ ಮಲಗಲಾಗುವುದಿಲ್ಲವಂತೆ. ಇಂಜೆಕ್ಷನ್ನಿನ ವಿಷಯವನ್ನೂ ಬಾಯಿಬಿಟ್ಟ. ಕೊನೆಗೆ, “ನನಗೆ ಭಯ ಆಗ್ತಿದೆ ಯೂಡೆಲ್ಕಾ. ಎಲ್ಲಾ ಹೇಳ್ಬಿಡು ಅವರಿಗೆ” ಅಂದ.

ನಾನು ಡಾಕ್ಟರ ಕಡೆ ತಿರುಗಿ ನಕ್ಕು, ಇಂಗ್ಲಿಷಿನಲ್ಲಿ, ನೋವೇನೂ ಇಲ್ಲವಂತೆ, ಚಳಿಗೆ ಸ್ವಲ್ಪ ಬಿಗಿಯುತ್ತದಂತೆ, ಇಂಜೆಕ್ಷನ್ ಎಂದೂ ತಗೊಂಡಿಲ್ಲವಂತೆ ಅಂದೆ.

ಅಷ್ಟು ದೊಡ್ಡ ಉತ್ತರಕ್ಕೆ ಇಷ್ಟೇ ಇಂಗ್ಲಿಷೇ ಎಂದು ಡಾಕ್ಟರು ಕೇಳಲಿಲ್ಲ. ನೋವು ಅನ್ನುವ ಇಂಗ್ಲಿಷ್ ಪದ ರಾದಾಮೆಸ್‌ಗೆ ಗೊತ್ತು, ಅಕ್ಕಾ. ಇಲ್ಲ ಅನ್ನುವುದೂ ಗೊತ್ತು. ಇಷ್ಟು ವರ್ಷ ಇಲ್ಲಿ ಆಡಿದವನು. ನನ್ನ ಮುಖ ನೋಡಿದ. ಈಗ ಹೇಳುತ್ತಾನೆ ಅಂದುಕೊಂಡೆ. ಅಂಗಿಯ ತೋಳು ಕೆಳಗೆಳೆದುಕೊಂಡ, ಅಷ್ಟೇ. ಕಾರಿನಲ್ಲಿ ಒಂದೇ ಮಾತು: “ಇಂಗ್ಲಿಷ್ ತುಂಬಾ ಚೆನ್ನಾಗಿ ಮಾತಾಡ್ತೀಯ.”

ಈಗ ಅವನು ಬಾಯಿಬಿಟ್ಟರೆ ನೋವು ಮುಚ್ಚಿಟ್ಟು ಸಹಿ ಹಾಕಿದವನಾಗುತ್ತಾನೆ, ಕರಾರು ಹರಿಯುತ್ತದೆ, ಬೇರೆ ಯಾವ ತಂಡವೂ ಹತ್ತಿರ ಸೇರಿಸುವುದಿಲ್ಲ. ಕೈ ಹರಿಯುವವರೆಗೂ ಎಸೆಯಲೇಬೇಕು. ಈಗಲೇ ಅವನ ಅಂಗಿಯ ಗುಂಡಿ ನಾನೇ ಹಾಕುತ್ತೇನೆ.

ನಾಳೆ ಮೊದಲ ಅಭ್ಯಾಸ. ನಾನೂ ಬರಲೇ ಎಂದು ಕೇಳಿದೆ.

“ಬೇಡ,” ಅಂದ. “ಅಲ್ಲಿ ಮಾತಾಡೋದೇನೂ ಇರಲ್ಲ.”