ಎಂಟು ಗಂಟೆಯ ಬಸ್ಸಿಗೆ ಜೊತೆ

ಹೂಡೆ
14 ಜೂನ್ 1981, ಆದಿತ್ಯವಾರ

ಪ್ರೀತಿಯ ಝೈನಬ್,

ನಿನ್ನ ಪತ್ರ ಕೈಗೆ ಬಂದು ಹನ್ನೊಂದು ದಿನ ಆಯಿತು. ಕಾಪುವಿನಿಂದ ಇಲ್ಲಿಗೆ ಅಂಚೆ ಎರಡೇ ದಿನದಲ್ಲಿ ಬರುತ್ತದೆ, ಆದ್ದರಿಂದ ತಡವಾದದ್ದಕ್ಕೆ ಅಂಚೆಯವರನ್ನು ಬೈಯಬೇಡ. ಪ್ರೆಸ್ಸಿನಲ್ಲಿ ಕೆಲಸ ಹೆಚ್ಚು ಎಂದು ಬರೆಯಲು ಹೊರಟಿದ್ದೆ. ಶಾಲೆ ಶುರುವಾಗುವ ಕಾಲ. ಮಣಿಪಾಲದಲ್ಲಿ ನನ್ನ ಮೇಜಿನ ಮೇಲೆ ಪ್ರೂಫು ರಾಶಿ ಬಿದ್ದಿರುವುದೂ ನಿಜ. ಆದರೆ ಕಾರಣ ಅದಲ್ಲ. ಬರೆದು ಬರೆದು ಹರಿದೆ, ಅಷ್ಟೇ.

ನಾವೆಲ್ಲ ಚೆನ್ನಾಗಿದ್ದೇವೆ. ಮಳೆ ಹಿಡಿದ ಮೇಲೆ ಅಮ್ಮನ ಮಂಡಿ ನೋವು ಹೆಚ್ಚಾಗಿದೆ. ನಿನ್ನ ಚಿಕ್ಕ ಮಗಳು ಕವುಚಿ ಬೀಳುತ್ತಾಳೆ ಎಂದು ಓದಿ ಹೇಳಿದಾಗ ಅವಳಿಗೆ ನೋವೇ ಮರೆತಿತ್ತು. ಶಾಲೆಗೆ ಹೋಗುವಾಗ ನಮ್ಮನ್ನು ಹೊಳೆ ದಾಟಿಸುತ್ತಿದ್ದ ದೋಣಿಯ ಪುತ್ತುಬ್ಬ ನನ್ನನ್ನು ಕಂಡಾಗಲೆಲ್ಲ ಕೇಳುವುದು ನಿನ್ನನ್ನೇ.

ಈಗ ನಿನ್ನ ಪ್ರಶ್ನೆಗೆ ಬರುತ್ತೇನೆ. ನಿನ್ನ ತಂಗಿ ಸಾರಮ್ಮ ಎಸ್ಸೆಸ್ಸೆಲ್ಸಿಯಲ್ಲಿ ಫಸ್ಟ್ ಕ್ಲಾಸಿನಲ್ಲಿ ಪಾಸಾಗಿದ್ದಾಳೆ, ಉಡುಪಿಗೆ ಕಾಲೇಜಿಗೆ ಹೋಗಬೇಕು ಅನ್ನುತ್ತಾಳೆ. ನಿಮ್ಮ ಅಪ್ಪ ಹಾಜಬ್ಬನವರು ಒಬ್ಬಳನ್ನೇ ಬಸ್ಸು ಹತ್ತಿಸಲು ಒಪ್ಪುವುದಿಲ್ಲ. "ಸುಗಂಧಿ ದಿನಾ ಎಂಟು ಗಂಟೆಯ ಬಸ್ಸಿಗೆ ಹೋಗುದಲ್ವಾ, ಅವಳು ಜೊತೆಗೆ ಕರಕೊಂಡು ಹೋಗುದಾದರೆ ಹೋಗಲಿ. ಇಲ್ಲದಿದ್ದರೆ ಮನೆಯಲ್ಲಿ ಇರಲಿ" ಅಂದಿದ್ದಾರೆ. ಆಗುತ್ತದೋ ಇಲ್ಲವೋ ಒಂದು ಕಾರ್ಡು ಹಾಕು ಎಂದು ನೀನು ಬರೆದೆ. ಅದರ ಕೆಳಗೆ ಇನ್ನೊಂದು ಸಾಲು ಬರೆದಿದ್ದೀಯ. ಅದಕ್ಕೆ ಕೊನೆಯಲ್ಲಿ ಉತ್ತರಿಸುತ್ತೇನೆ.

ಮೊದಲು ನಿನ್ನ ಚಿಕ್ಕಮ್ಮ ನಫೀಸಮ್ಮನ ಸಂಗತಿ ಕೇಳು. ಹೋದ ತಿಂಗಳು ಅವರು ಒಂದು ಏರ್‌ಲೆಟರ್ ಹಿಡಿದುಕೊಂಡು ನಮ್ಮಲ್ಲಿಗೆ ಬಂದರು. ದಮ್ಮಾಮಿನಲ್ಲಿರುವ ಗಂಡನಿಗೆ ಬರೆಯಬೇಕಿತ್ತು. "ನೀನು ಬಿ.ಎ. ಓದಿದವಳಲ್ವಾ, ಸ್ವಲ್ಪ ಬರೆದು ಕೊಡು ಮಗಳೇ" ಅಂದರು. ನಾನು ಒಂದು ಗಂಟೆ ಕುಳಿತು ಬರೆದೆ. ವಿರಹ, ನಿರೀಕ್ಷೆ, ಕಡಲು, ಎಲ್ಲ ಇತ್ತು ಅದರಲ್ಲಿ. ಓದಿ ಹೇಳಿದೆ. ಅವರು ತಲೆ ಬಗ್ಗಿಸಿ ಪೂರ್ತಿ ಕೇಳಿದರು.

"ಚಂದ ಉಂಟು," ಅಂದರು. "ಆದರೆ ಇದು ಯಾರು ಬರೆದದ್ದು ಅಂತ ಅವರಿಗೆ ಗೊತ್ತಾಗುದಿಲ್ಲ. ಝೈನಬ್ ಬರೆದರೆ ನಾನೇ ಬಾಗಿಲಲ್ಲಿ ನಿಂತು ಬೈದ ಹಾಗೆ ಆಗ್ತದೆ."

"ಬೈಯಬೇಕಿತ್ತಾ?" ಎಂದು ಕೇಳಿದೆ.

"ಮತ್ತೆ? ಎರಡು ವರ್ಷ ಆಯ್ತು, ಬರಲಿಲ್ಲ. ಬೈಯದೆ ಎಂತ ಮಾಡುದು?"

ಮರುದಿನ ಅವರು ಇನ್ನೊಂದು ಏರ್‌ಲೆಟರ್ ತೆಗೆದುಕೊಂಡು ಬಸ್ಸು ಹತ್ತಿ ಕಾಪುವಿಗೆ, ನಿನ್ನ ಹತ್ತಿರ ಬಂದರಲ್ಲ. ಅದರ ಹಿಂದಿನ ಕಥೆ ಇದು. ಅವರು ನಿನಗೆ ಹೇಳಿರಲಾರರು. ಗಲ್ಫಿಗೆ ಹೋದವರ ಹೆಂಡತಿಯರು ನಿನ್ನ ಜಗಲಿಯಲ್ಲಿ ಸರದಿ ಕಾಯುತ್ತಾರಂತೆ. ನಾನು ಐದು ವರ್ಷ ಸಾಹಿತ್ಯ ಓದಿ, ಬೇರೆಯವರು ಬರೆದದ್ದರಲ್ಲಿ ಬಿಟ್ಟುಹೋದ ಅಕ್ಷರ ಹುಡುಕುತ್ತಿದ್ದೇನೆ. ಆ ದಿನ ನನಗೆ ಊಟ ಸೇರಲಿಲ್ಲ. ಅಮ್ಮ ಪಿತ್ತ ಅಂದುಕೊಂಡು ಜೀರಿಗೆ ಕಷಾಯ ಮಾಡಿಕೊಟ್ಟಳು.

ಈ ಪಿತ್ತ ಹಳೆಯದು, ಝೈನಬ್. ಎಪ್ಪತ್ತನಾಲ್ಕನೇ ಇಸವಿಯ ಮಾರ್ಚ್ ನೆನಪುಂಟಾ? ಕಲ್ಯಾಣಪುರದ ಹೈಸ್ಕೂಲಿನಿಂದ ನಮ್ಮನ್ನು ಬೀಳ್ಕೊಡುವ ಮೊದಲು ಜೋಕಿಮ್ ಮಾಸ್ತರರು ಎಲ್ಲರಿಂದ ಒಂದು ಪ್ರಬಂಧ ಬರೆಸಿದರು. ಈ ಶಾಲೆಗೆ ಬಂದಾಗ ನಾನು ಹೇಗಿದ್ದೆ, ಹೋಗುವಾಗ ಹೇಗಿದ್ದೇನೆ ಎಂದು. ನಾನು ಒಂಬತ್ತು ಪುಟ ಬರೆದೆ. ಮೊಗ್ಗು ಹೂವಾದದ್ದು, ಹಣತೆ ಹಚ್ಚಿದ್ದು, ಗುರುಗಳ ಪಾದಧೂಳಿ, ಯಾವುದನ್ನೂ ಬಿಡಲಿಲ್ಲ. ನೀನು ಬರೆದದ್ದು ಅರ್ಧ ಪುಟ. ನನಗೆ ಇವತ್ತಿಗೂ ಬಾಯಿಪಾಠ ಬರುತ್ತದೆ. "ಎಂಟನೇ ಕ್ಲಾಸಿಗೆ ಬರುವಾಗ ದೋಣಿಯಿಂದ ಇಳಿಯಲು ಪುತ್ತುಬ್ಬ ನನ್ನ ಕೈ ಹಿಡಿಯುತ್ತಿದ್ದರು. ಈಗ ನಾನು ಮೊದಲು ಇಳಿದು ಚಿಕ್ಕವರ ಕೈ ಹಿಡಿಯುತ್ತೇನೆ. ಯಾವ ದಿನದಿಂದ ಹೀಗಾಯಿತು ಎಂದು ಎಷ್ಟು ಯೋಚಿಸಿದರೂ ಗೊತ್ತಾಗುವುದಿಲ್ಲ."

ಮಾಸ್ತರರು ಅದನ್ನು ಎರಡು ಸಲ ಓದಿದರು. ಎರಡನೇ ಸಲ ಓದುವಾಗ ಕನ್ನಡಕ ತೆಗೆದರು. ನನ್ನ ಒಂಬತ್ತು ಪುಟದ ಕೆಳಗೆ ಕೆಂಪು ಶಾಯಿಯಲ್ಲಿ "ಭಾಷೆ ಚೆನ್ನಾಗಿದೆ" ಎಂದಿತ್ತು. ಆ ಸಂಜೆ ದೋಣಿಯಿಂದ ಇಳಿಯುವಾಗ ನೀನು ನನ್ನ ಕಡೆಗೂ ಕೈ ಚಾಚಿದೆ. ನಾನು ಹಿಡಿಯಲಿಲ್ಲ. ನೀರಿಗೇ ಇಳಿದು ಲಂಗ ಒದ್ದೆ ಮಾಡಿಕೊಂಡೆ. "ಎಂತ ಮಾರಾಯ್ತಿ, ಕಣ್ಣು ಕಾಣುದಿಲ್ವಾ?" ಎಂದು ನೀನು ನಕ್ಕೆ.

ರಿಸಲ್ಟ್ ಬಂದ ಮೇಲೆ ನಿಮ್ಮ ಅಪ್ಪ ನಮ್ಮ ಜಗಲಿಗೆ ಬಂದರು. "ಅಪ್ಪಿಯಕ್ಕಾ, ನಿಮ್ಮ ಹುಡುಗಿ ಉಡುಪಿಗೆ ಕಾಲೇಜಿಗೆ ಹೋಗುದುಂಟಾ? ಹೋಗುದಾದರೆ ನಮ್ಮದನ್ನೂ ಕಳಿಸುವ. ಒಬ್ಬಳೇ ಆದರೆ ಆಗುದಿಲ್ಲ" ಎಂದು ಅಮ್ಮನನ್ನು ಕೇಳಿದರು. ಮುಂದಿನದು ನಿನಗೆ ಗೊತ್ತಿದೆ. ಕಾರ್ಕಳದ ಗುಣವತಿ ದೊಡ್ಡಮ್ಮನ ಕಾಲು ಮುರಿದಿತ್ತು, ಅವರಿಗೆ ಜನ ಬೇಕಿತ್ತು. ನಾನು ಅಲ್ಲೇ ಇದ್ದು ಅಲ್ಲಿಯ ಕಾಲೇಜಿಗೆ ಸೇರಿದೆ. ಮುಂದಿನ ವರ್ಷ ಯಾರಾದರೂ ಜೊತೆ ಸಿಕ್ಕಿದರೆ ನೋಡುವ ಎಂದು ನಿನಗೆ ಹೇಳಿದರು. ಮುಂದಿನ ವರ್ಷ ಸಲಾಂ ಅವರ ಮನೆಯಿಂದ ಮದುವೆಯ ಮಾತು ಬಂತು.

ಸಾರಮ್ಮ ಮೊನ್ನೆ ಅರ್ಜಿ ಫಾರಂ ಹಿಡಿದುಕೊಂಡು ಬಂದಿದ್ದಳು. ಅವಳು ಫಾರಂ ತುಂಬಿಸುವಾಗ ಅಕ್ಷರ ನೋಡಿದೆ. ನಿನ್ನದೇ ಅಕ್ಷರ, ಬಲಕ್ಕೆ ವಾಲಿದ್ದು. ಹೈಸ್ಕೂಲಿನಲ್ಲಿ ಎಂತ ಕಲಿತೆ ಎಂದು ಸುಮ್ಮನೆ ಕೇಳಿದೆ. ಸ್ವಲ್ಪ ಯೋಚಿಸಿ ಹೇಳಿದಳು, "ಮೊದಲು ಗೊತ್ತಿಲ್ಲದಿದ್ದರೆ ನಾಚಿಕೆ ಆಗ್ತಿತ್ತು. ಈಗ ಕೇಳ್ತೇನೆ." ಇಷ್ಟೇ. ಮನೆತನದ ರೋಗ ಇರಬೇಕು ಇದು, ಇಷ್ಟರಲ್ಲೇ ಮುಗಿಸುವುದು. ಮೊದಲು ನನಗೆ ಸಂತೋಷವಾಗಲಿಲ್ಲ. ಇವಳು ಕಾಲೇಜಿಗೆ ಹೋದರೆ ನನ್ನನ್ನು ದಾಟಿ ಹೋಗುತ್ತಾಳೆ ಎಂದೇ ಮೊದಲು ಹೊಳೆದದ್ದು. ಹದಿನಾರು ವರ್ಷದ ಮಗುವಿನ ಮೇಲೆ ಹೊಟ್ಟೆಕಿಚ್ಚು.

ಹೋಗುವಾಗ ಅವಳು ಮೆಟ್ಟಿಲಲ್ಲಿ ನಿಂತು ಹೇಳಿದಳು, "ಸುಗಂಧಿಯಕ್ಕಾ, ಬಸ್ಸಿನಲ್ಲಿ ಕಿಟಕಿಯ ಹತ್ತಿರ ನಿಮ್ಮನ್ನೇ ಕೂರಿಸಬೇಕಂತೆ. ನಿಮಗೆ ವಾಂತಿ ಬರ್ತದೆ ಅಂತ ಝೈನಬಕ್ಕ ಹೇಳಿ ಕಳಿಸಿದ್ದಾಳೆ."

ಆಗುತ್ತದೆ ಎಂದು ನಿಮ್ಮ ಅಪ್ಪನಿಗೆ ಹೇಳು. ಬೆಳಿಗ್ಗೆ ನಿಮ್ಮ ಗೇಟಿನಿಂದಲೇ ಕರೆದುಕೊಂಡು ಹೋಗುತ್ತೇನೆ. ಸಂಜೆ ನಾನು ಮಣಿಪಾಲದಿಂದ ಇಳಿಯುವವರೆಗೆ ಅವಳು ಕಾಲೇಜಿನ ಲೈಬ್ರರಿಯಲ್ಲಿ ಓದುತ್ತಾ ಇರಲಿ. ನನಗೆ ಬೇರೆ ಊರಿನಲ್ಲಿ ಕೆಲಸ ಸಿಕ್ಕಿದರೂ ಅವಳ ಎರಡು ವರ್ಷ ಮುಗಿಯುವವರೆಗೆ ಹೋಗುವುದಿಲ್ಲ. ಇದನ್ನು ಬರೆದೇ ಕೊಟ್ಟಿದ್ದೇನೆ, ಪತ್ರ ಇಟ್ಟುಕೋ.

ಮಕ್ಕಳಿಬ್ಬರೂ ನೂರು ಕಾಲ ಬಾಳಲಿ. ಚಿಕ್ಕವಳು ನಿನ್ನಷ್ಟೇ ಮಾತು ಕಲಿಯಲಿ, ಕಲಿಯುವುದನ್ನು ಯಾರೂ ತಡೆಯದಿರಲಿ.

ನಿನ್ನ
ಸುಗಂಧಿ

ಮತ್ತೆ:

ಲಕೋಟೆ ಅಂಟಿಸಿದ್ದೆ, ಪುನಃ ಬಿಡಿಸಿದೆ. ನಾವಿಬ್ಬರೂ ಮಾತಾಡುವುದು ತುಳುವಿನಲ್ಲಿ. ಇದನ್ನು ತುಳುವಿನಲ್ಲಿ, ನಿನ್ನ ಮುಖ ನೋಡಿ ಹೇಳಲು ನನ್ನಿಂದ ಆಗುವುದಿಲ್ಲ. ಅದಕ್ಕೇ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಆ ದಿನ ನಿಮ್ಮ ಅಪ್ಪ ಕೇಳಿದಾಗ ಅಮ್ಮ "ಹೌದು, ಉಡುಪಿಗೇ" ಎಂದು ಬಾಯಿ ತೆರೆದಿದ್ದಳು. ನಾನು ಬಾಗಿಲ ಹಿಂದೆ ಇದ್ದೆ. ಇನ್ನೂ ಐದು ವರ್ಷ ನಿನ್ನ ಪಕ್ಕದ ಬೆಂಚಿನಲ್ಲಿ ಕೂತು ನಿನ್ನ ಅರ್ಧ ಪುಟ ಕೇಳುವುದು ನನ್ನಿಂದ ಆಗುತ್ತಿರಲಿಲ್ಲ. ಹೊರಗಿನವರ ಎದುರು ನಾನು ಮಾತಾಡಿದ್ದು ಅದೇ ಮೊದಲು. "ನಾನು ಕಾರ್ಕಳಕ್ಕೆ ಹೋಗ್ತೇನೆ, ದೊಡ್ಡಮ್ಮನ ಕಾಲು ಮುರಿದಿದೆ" ಅಂದೆ. ಅಮ್ಮ ನಿಮ್ಮ ಅಪ್ಪನ ಎದುರು ನನ್ನ ಮಾತನ್ನು ಸುಳ್ಳು ಮಾಡಲಿಲ್ಲ. ಅವರು ಹೋದ ಮೇಲೆ ಟ್ರಂಕು ಕೆಳಗಿಳಿಸಿದಳು. "ಹೇಳಿದ್ದೀಯಲ್ಲ, ಇನ್ನು ಹೋಗು" ಅಂದಳು.

ನಿನ್ನ ಪತ್ರದ ಕೊನೆಯ ಸಾಲು ಇಲ್ಲಿ ಎದುರಿಗಿದೆ. "ಈ ಸಲ ಕಾರ್ಕಳದಲ್ಲಿ ಎಲ್ಲರ ಕಾಲೂ ಗಟ್ಟಿ ಉಂಟಲ್ವಾ?" ನೀನು ತಮಾಷೆಗೆ ಬರೆದೆಯೋ, ಏಳು ವರ್ಷದಿಂದ ಗೊತ್ತಿದ್ದೇ ಬರೆದೆಯೋ ತಿಳಿಯದೆ ಹನ್ನೊಂದು ದಿನ ಕಳೆದೆ. ಒಂದೇ ಸಾಲಿನಲ್ಲಿ ಅಷ್ಟನ್ನೂ ಹಿಡಿಸಿದ್ದಕ್ಕೆ ಈಗಲೂ ಹೊಟ್ಟೆ ಉರಿಯುತ್ತದೆ.

ಗಟ್ಟಿ ಉಂಟು, ಝೈನಬ್. ಆಗಲೂ ಗಟ್ಟಿಯೇ ಇತ್ತು.