ಒಂದೇ ಕ್ಲಿಪ್ಪಿನ ಎರಡು ತಂತಿ

ಭಾನುವಾರ, ಊಟವಾದ ಮೇಲೆ

ನಮ್ಮ ಚಿನಕುರುಳಿಗೆ ಸೋದರಮಾವನ ಆಶೀರ್ವಾದ.

ಆಕಾಶದಲ್ಲಿ ಹಾರುವ ಒಂದೊಂದು ವಿಮಾನವೂ ನನ್ನ ಅಪ್ಪಣೆ ಕೇಳಿಯೇ ಮೇಲೇಳುತ್ತದೆ. ಇಷ್ಟು ಹೊಣೆ ಹೊತ್ತವನಿಗೆ ಕಾಗದ ಬರೆಯಲು ಪುರುಸೊತ್ತೆಲ್ಲಿ, ನೀನೇ ಹೇಳು. ತಡವಾಯಿತು, ಬೇಜಾರಾಗಬೇಡ. ವಿಮಾನ ರಿಪೇರಿ ಕಲಿಸುವ ಶಾಲೆಯಲ್ಲಿ ನಿನಗೆ ಸೀಟು ಸಿಕ್ಕಿದ್ದನ್ನು ನಾವು ವಿಮಾನ ಬಿಚ್ಚಿ ಜೋಡಿಸುವ ಹ್ಯಾಂಗರಿನಲ್ಲಿ ಎಲ್ಲರಿಗೂ ಹೇಳಿದೆ, ಗೇಟಿನ ಕಾವಲುಗಾರನಿಗೆ ಎರಡು ಸಲ ಹೇಳಿದೆ. ಫೀಸಿನ ದುಡ್ಡು ಯಾವಾಗ ಕಳಿಸ್ತೀ ಮಾವ ಅಂತ ಕೇಳಿದ್ದೀಯ. ಅಲ್ಲಿಗೇ ಬರುತ್ತಿದ್ದೇನೆ, ಸ್ವಲ್ಪ ಸುತ್ತು ಹಾಕಿಕೊಂಡು.

ಈಗ ನಮ್ಮ ಕೈಯಲ್ಲಿರುವುದು ಸಾಹುಕಾರರೊಬ್ಬರ ಸ್ವಂತ ವಿಮಾನ. ಒಳಗೆ ಸೋಫಾ ಇದೆ, ಮಂಚ ಇದೆ, ಒಂದೇ ಉಸಿರಿಗೆ ಸಮುದ್ರ ದಾಟುತ್ತದೆ. ನಡುನೀರಿನ ಮೇಲೆ ಏನಾದರೂ ಕೆಟ್ಟರೆ ಪಕ್ಕಕ್ಕೆ ಹಾಕಿ ನೋಡೋಣ ಅನ್ನುವ ಹಾಗಿಲ್ಲ. ಅದಕ್ಕೇ ಎಲ್ಲದಕ್ಕೂ ಜೋಡಿ. ಕರೆಂಟಿಗೆ ಎರಡು ಎಂಜಿನ್ನಿಗೂ ಒಂದೊಂದು ಜನರೇಟರು. ಅವೆರಡೂ ಕೈಕೊಟ್ಟರೆ ಬಾಲದಲ್ಲಿ ಇನ್ನೊಂದು ಪುಟ್ಟ ಎಂಜಿನ್. ಅದೂ ಮಲಗಿದರೆ ಬ್ಯಾಟರಿ. ಬ್ರೇಕು, ಚಕ್ರ, ರೆಕ್ಕೆಯ ಹಲಗೆ ಅಲ್ಲಾಡಿಸುವ ಎಣ್ಣೆಗೂ ಬೇರೆ ಬೇರೆ ಪಂಪು, ಬೇರೆ ಬೇರೆ ಕೊಳವೆ. ನೇರಳೆ ಬಣ್ಣದ ಎಣ್ಣೆ, ಕೈಗೆ ತಾಗಿದರೆ ನಿನ್ನಮ್ಮನ ಮಾತಿನ ಹಾಗೆ ಉರಿಯುತ್ತದೆ. ಇಷ್ಟೂ ಕೆಟ್ಟವು ಅಂತಿಟ್ಟುಕೋ, ಹೊಟ್ಟೆಯ ಬಾಗಿಲು ತೆರೆದು ಒಂದು ಗಾಳಿಚಕ್ರ ಹೊರಗಿಳಿಯುತ್ತದೆ. ಎದುರುಗಾಳಿಗೆ ಗಿರಗಿರ ತಿರುಗಿ, ನೆಲ ಮುಟ್ಟಲು ಬೇಕಾದಷ್ಟು ಶಕ್ತಿ ಹುಟ್ಟಿಸುತ್ತದೆ.

ಮಂಗಳವಾರ ಆ ಬ್ಯಾಟರಿಗೆ ಹೊಸ ತಂತಿ ಎಳೆದವನು ನಾನೇ. ಅಂದವಾಗಿರಲಿ ಅಂತ ಜನರೇಟರಿನ ತಂತಿಯ ಜೊತೆ ಸೇರಿಸಿ, ಜಡೆ ಹೆಣೆದ ಹಾಗೆ ಕ್ಲಿಪ್ಪು ಹಾಕಿದೆ. ನಮ್ಮ ದೊಡ್ಡ ಎಂಜಿನಿಯರಮ್ಮ ಟಾರ್ಚು ಹಿಡಿದು ಬಗ್ಗಿದರು. ವಯಸ್ಸಿನಲ್ಲಿ ನನಗಿಂತ ತೀರಾ ಚಿಕ್ಕವರು, ಹ್ಯಾಂಗರಿನವರೆಲ್ಲರ ಹಾಗೆ ನನ್ನನ್ನು ಮಾವ ಅಂತಲೇ ಕರೆಯುವುದು. ಹೊಗಳುತ್ತಾರೆಂದು ಮೀಸೆ ತೀಡಿಕೊಂಡು ನಿಂತಿದ್ದೆ.

"ಎರಡನ್ನೂ ಒಂದೇ ದಾರೀಲಿ ಕಟ್ಟಿದೀರಲ್ಲ ಮಾವ. ಇಲ್ಲಿ ಬೆಂಕಿ ಹತ್ತಿದ್ರೆ ಎರಡೂ ಒಟ್ಟಿಗೇ ಹೋಗುತ್ವೆ. ಆಮೇಲೆ ಎರಡಿದ್ದು ಏನು ಬಂತು?"

ಬಿಚ್ಚಿ, ಒಂದನ್ನು ಎಡಗೋಡೆಗೆ, ಒಂದನ್ನು ಬಲಗೋಡೆಗೆ ಎಳೆದೆ. ಎಳೆಯುತ್ತ ಎಳೆಯುತ್ತ ನಾನೇ ಕಟ್ಟಿದ ಇನ್ನೊಂದು ಜೋಡಿ ನೆನಪಾಯಿತು. ಯಾವುದು ಗೊತ್ತಾ? ನಿನ್ನ ಫೀಸಿನ ದುಡ್ಡು. ಅರ್ಧ ಟೈರಂಗಡಿ ಗೆಳೆಯನ ಹತ್ತಿರ ಬಡ್ಡಿಗೆ ಬಿಟ್ಟಿದ್ದೆ. ಇನ್ನರ್ಧ ಬೇರೆ ಕಡೆ ಇರಲಿ ಅಂತ ಜಾಣತನ ಮಾಡಿ, ಅವನ ಭಾಮೈದನ ಬ್ಯಾಟರಿ ಅಂಗಡಿಯಲ್ಲಿಟ್ಟಿದ್ದೆ. ಬೋರ್ಡು ಎರಡು, ಷಟರು ಒಂದೇ.

ಕೈ ತೊಳೆಯದೆ ಓಡಿದೆ. ಷಟರಿಗೆ ಬೀಗ. ಭಾವ-ಭಾಮೈದ ಇಬ್ಬರೂ ಒಂದೇ ಲಾರಿಯಲ್ಲಿ ಸಾಮಾನು ತುಂಬಿಕೊಂಡು ಹೋದರಂತೆ. ಎಲ್ಲಿಗೆ ಅಂತ ಪಕ್ಕದ ದರ್ಜಿಗೂ ಗೊತ್ತಿಲ್ಲ, ಹೊಲಿದ ಪ್ಯಾಂಟಿನ ಕೂಲಿಯನ್ನೂ ಕೊಟ್ಟಿಲ್ಲವಂತೆ. ಅವನ ಅಳು ಕೇಳಿ ನಾನೇ ಸಮಾಧಾನ ಮಾಡಿ ಬಂದೆ.

ಹೋದದ್ದು ಚಿಲ್ಲರೆ, ಹೆದರಬೇಡ. ನಿನ್ನ ಮಾವನ ಹೊಟ್ಟೆಯಲ್ಲೂ ಒಂದು ಗಾಳಿಚಕ್ರ ಇದೆ. ಬೈಕು ಮಾರಿದೆ, ಮೊದಲ ಕಂತು ನಾಳೆ ನೇರ ಶಾಲೆಗೇ ಕಟ್ಟುತ್ತೇನೆ. ಉಳಿದದ್ದಕ್ಕೆ ಎಂಜಿನಿಯರಮ್ಮ ಹೆಚ್ಚಿನ ಪಾಳಿ ಕೊಟ್ಟಿದ್ದಾರೆ. ಕೆಲಸಕ್ಕೆ ನಡೆದೇ ಹೋದರೆ ಸೊಂಟಕ್ಕೆ ಒಳ್ಳೆಯದಂತೆ, ಡಾಕ್ಟರು ಹೇಳದಿದ್ದರೂ ನಾನು ಹೇಳುತ್ತೇನೆ. ನೀನು ಧೈರ್ಯವಾಗಿ ಹೋಗಿ ಸೇರಿಕೋ. ನಾಳೆ ನನ್ನ ತಂತಿಗೆ ಟಾರ್ಚು ಹಿಡಿದು ಬೈಯುವವಳು ನೀನೇ ಆಗಬೇಕು. ಚೆನ್ನಾಗಿ ಬಾಳು ಮಗಳೇ.

ಇಂತಿ,
ಆಕಾಶದ ಯಜಮಾನ,
ನಿನ್ನ ಮಾವ

ಕೊನೆಗೊಂದು ಮಾತು: ಕಾಗದವನ್ನು ಅಮ್ಮನಿಗೆ ತೋರಿಸಬೇಡ, ಮುಂದಿನ ವಾರ ನಾನೇ ಬಂದು ಅವಳೆದುರು ಕೂತು ಹೇಳುತ್ತೇನೆ. ಅಣ್ಣನ ಹತ್ತಿರ ಭದ್ರವಾಗಿರುತ್ತೆ ಅಂತ ಅವಳು ಬಳೆ ಮಾರಿ ಕೊಟ್ಟದ್ದೂ ಆ ಷಟರಿನ ಹಿಂದೆಯೇ ಇತ್ತು. ಚಿಲ್ಲರೆ ಅಂದೆನಲ್ಲ, ಅದು ಆರು ಲಕ್ಷದ ನಲವತ್ತು ಸಾವಿರ.